ಅಲಂಕಾರ ಬೇಡ ಎಂದವಳು

ಕನ್ನಡಕದ ಅಂಗಡಿಯ ಮೇಲಿನ ಒಂದೇ ಕೋಣೆಯ ಆಫೀಸಿಗೆ ಅವನು ಮೊದಲ ಸಲ ಬಂದಾಗ, ಒಳಗೆ ಕಾಲಿಡುವ ಬದಲು ಬಾಗಿಲಲ್ಲೇ ನಿಂತು ಅವಳ ಬೋರ್ಡನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಅವಳು ಕುರ್ಚಿಯಿಂದ ಧಡಕ್ಕನೆ ಎದ್ದಳು.

"ಏನ್ರೀ, ಬೋರ್ಡ್ ಯಾಕೆ ಕೀಳ್ತಿದೀರಾ?"

"ಕೀಳ್ತಿಲ್ಲ ಮೇಡಂ. ಎಡಕ್ಕೆ ವಾಲಿತ್ತು. ಮೆಟ್ಟಿಲು ಹತ್ತುವಾಗಿನಿಂದ ನೋಡ್ತಾ ಬಂದೆ, ತಲೆ ತಿರುಗಿದ ಹಾಗಾಯ್ತು."

"ಮೂರು ವರ್ಷದಿಂದ ಹಾಗೇ ಇದೆ. ಯಾರಿಗೂ ತಲೆ ತಿರುಗಿಲ್ಲ."

"ಹಾಗಾದ್ರೆ ಮೂರು ವರ್ಷದಿಂದ ಡಿಸೈನರ್ ಯಾರೂ ಬಂದಿಲ್ಲ ಅಂತಾಯ್ತು."

ನಗಬಾರದು ಎಂದುಕೊಂಡೇ ಅವಳು ನಕ್ಕಳು. ಬೋರ್ಡಿನ ಮೇಲಿದ್ದದ್ದು 'ರೆಸ್ಯೂಮೆ ಬರೆದುಕೊಡಲಾಗುತ್ತದೆ' ಎಂಬ ಒಂದೇ ಸಾಲು. ಅದು ನೆಟ್ಟಗೆ ನಿಂತದ್ದು ಅವತ್ತೇ ಮೊದಲು.

ಅವಳು ಎಂಟು ವರ್ಷ ಒಂದು ದೊಡ್ಡ ಕಂಪನಿಯಲ್ಲಿ ಕೆಲಸಕ್ಕೆ ಜನರನ್ನು ಆರಿಸುವ ವಿಭಾಗದಲ್ಲಿದ್ದವಳು. ದಿನಕ್ಕೆ ಇನ್ನೂರು ರೆಸ್ಯೂಮೆ ಓದಿ ಓದಿ, ಮನುಷ್ಯ ಯಾವ ಸಾಲಿನಲ್ಲಿ ಬುರುಡೆ ಬಿಡುತ್ತಾನೆ, ಯಾವ ಸಾಲಿನಲ್ಲಿ ಪಾಪ ನಿಜ ಹೇಳಲೂ ನಾಚುತ್ತಾನೆ ಎಂಬುದು ಅವಳಿಗೆ ಬಾಯಿಪಾಠವಾಗಿತ್ತು. ಬೇಸರ ಬಂದು ಆ ಕೆಲಸ ಬಿಟ್ಟು, ಈಗ ಜನರಿಗೆ ಬರೆದುಕೊಡುತ್ತಿದ್ದಳು. ಬಂದವರೆಲ್ಲ 'ರೆಸ್ಯೂಮೆ ಮೇಡಂ' ಎನ್ನುತ್ತಿದ್ದರು. ಮನೆಯಲ್ಲಿ ಭಾವ ಕೂಡ ಕಾಲೆಳೆಯಲು ಹಾಗೆಯೇ ಕರೆಯುತ್ತಿದ್ದ. ವಯಸ್ಸು ಮೂವತ್ತನಾಲ್ಕು, ಅಕ್ಕ-ಭಾವನ ಮನೆಯ ಮಹಡಿಯ ಮೇಲೆ ವಾಸ. ಊರಿಗೆಲ್ಲ ಬರೆದುಕೊಡುವ ಇವಳಿಗೆ ತನ್ನ ವಿಷಯ ಬಂದರೆ ಒಂದು ಸಾಲೂ ಹೊಳೆಯುವುದಿಲ್ಲ ಎನ್ನುವುದು ಅಕ್ಕನಿಗೆ ಮಾತ್ರ ಗೊತ್ತಿತ್ತು.

ಅವನು ಹನ್ನೊಂದು ವರ್ಷ ಒಂದು ಪುಟ್ಟ ಪ್ಯಾಕೇಜಿಂಗ್ ಕಂಪನಿಯಲ್ಲಿ ಔಷಧಿ ಡಬ್ಬಿ, ಸಾಬೂನಿನ ಹೊದಿಕೆ, ಬಿಸ್ಕತ್ತಿನ ಪೊಟ್ಟಣಗಳನ್ನು ಡಿಸೈನ್ ಮಾಡಿದವನು. ಕಂಪನಿ ಮುಚ್ಚಿತು. ಅಲ್ಲಿಂದೀಚೆಗೆ ನಲವತ್ತೆರಡು ಕಡೆ ಅರ್ಜಿ ಹಾಕಿದ್ದ, ಒಂದು ಕಡೆಯಿಂದಲೂ ಫೋನ್ ಬಂದಿರಲಿಲ್ಲ.

"ಬರೋದೂ ಇಲ್ಲ," ಎಂದಳು ಅವಳು, ಅವನು ಹಿಂದಿನ ದಿನ ಕಳಿಸಿದ್ದ ರೆಸ್ಯೂಮೆಯ ಮಾತು ತೆಗೆದು. "ಈಗ ಕಂಪನಿಗಳಲ್ಲಿ ಮೊದಲು ಓದೋದು ಮನುಷ್ಯರಲ್ಲ, ಸಾಫ್ಟ್‌ವೇರ್. ಅದಕ್ಕೆ ಚಿತ್ರ ಕಾಣಲ್ಲ, ಟೈಪ್ ಮಾಡಿದ ಅಕ್ಷರ ಮಾತ್ರ ಕಾಣುತ್ತೆ. ನೀವು ನಿಮ್ಮ ಹೆಸರನ್ನೂ ಚಿತ್ರ ಮಾಡಿ ಇಟ್ಟಿದೀರ. ಅದರ ಪಾಲಿಗೆ ನೀವು ಹುಟ್ಟೇ ಇಲ್ಲ."

"ನಲವತ್ತೆರಡು ಸಲ ಹುಟ್ಟದೇ ಹೋದ್ನಾ?"

"ಪರವಾಗಿಲ್ಲ ಬಿಡಿ, ಈಗ ಹುಟ್ಟಿಸೋಣ."

ಅವನು ನಕ್ಕ. ಆಮೇಲೆ ಮುಖ ಸಣ್ಣದು ಮಾಡಿಕೊಂಡು ಕೇಳಿದ: "ಆದ್ರೂ... ಡಿಸೈನ್ ಹೇಗಿತ್ತು ಮೇಡಂ? ನೋಡಿದ್ರಾ?"

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ಅವಳು ನೋಡಿರಲಿಲ್ಲ. ಯಾರ ಫೈಲನ್ನೂ ನೋಡುತ್ತಿರಲಿಲ್ಲ. ಫೈಲ್ ಬಂದ ಕೂಡಲೇ ಅದನ್ನು ಒಂದು ಪ್ರೋಗ್ರಾಮಿಗೆ ಹಾಕಿ, ಅದರೊಳಗಿನ ಅಕ್ಷರಗಳನ್ನಷ್ಟೇ ಸೋಸಿ ಬಿಳಿ ಹಾಳೆಯ ಮೇಲೆ ಇಳಿಸಿಕೊಳ್ಳುವುದು, ಮೂಲ ಫೈಲನ್ನು ತೆರೆಯದೆಯೇ ಪಕ್ಕಕ್ಕಿಡುವುದು ಅವಳ ಪದ್ಧತಿ. ಬಣ್ಣ ಕಣ್ಣಿಗೆ ಬಿದ್ದರೆ ಮಾತಿನ ಪೊಳ್ಳು ಕಾಣಿಸುವುದಿಲ್ಲ ಎನ್ನುವುದು ಅವಳ ವಾದ. ಅವನ ಫೈಲಿನಿಂದ ಉದುರಿದ್ದು ಒಂದು ಫೋನ್ ನಂಬರ್ ಮಾತ್ರ. ಅದರಿಂದಲೇ ಉಳಿದದ್ದನ್ನು ಊಹಿಸಿದ್ದಳು.

ಆದರೆ ಆ ಮುಖ ನೋಡಿ ನಿಜ ಹೇಳಲು ಬಾಯಿ ಬರಲಿಲ್ಲ.

"ನೋಡಿದೆ. ತುಂಬಾ ಚೆನ್ನಾಗಿತ್ತು. ನಾನು ಏನೇ ಬಂದ್ರೂ ಮೊದಲು ಪೂರ್ತಿ ನೋಡ್ತೀನಿ, ಆಮೇಲೇ ಕತ್ತರಿ."

ಅವನ ಮುಖ ಅರಳಿತು. "ನಮ್ಮ ಕೆಲಸಾನ ಯಾರೂ ಸರಿಯಾಗಿ ನೋಡಲ್ಲ ಮೇಡಂ. ಪೊಟ್ಟಣ ಹರಿದು ಒಳಗಿಂದು ತಿಂದು ಬಿಸಾಕ್ತಾರೆ. ನೀವು ನೋಡಿದ್ರಲ್ಲ, ಸಾಕು."

ಒಂದು ಸಣ್ಣ ಸುಳ್ಳಿಗೆ ಇಷ್ಟು ಸಂತೋಷವಾಗುವುದಾದರೆ ಆಗಲಿ ಎಂದುಕೊಂಡಳು. ಆಗ ಹಾಗನ್ನಿಸಿತು.

*

ಪ್ರತಿ ಬುಧವಾರ ನಾಲ್ಕು ಗಂಟೆಗೆ ಅವನು ಬರಬೇಕು, ಐದು ಬುಧವಾರಗಳಲ್ಲಿ ರೆಸ್ಯೂಮೆ ಮುಗಿಯಬೇಕು. ಅದು ಒಪ್ಪಂದ.

ಅವಳು ಪ್ರಶ್ನೆ ಕೇಳುವಳು, ಅವನು ಉತ್ತರ ಹೇಳುವ ಬದಲು ಪೆನ್ಸಿಲ್ ತೆಗೆದು ಗೀಚುವನು.

"ಬಾಯಲ್ಲಿ ಹೇಳಿ. ಸಾಬೂನಿನ ಹೊದಿಕೆ ಬದಲಾಯಿಸಿದ್ರಿ. ಅದರಿಂದ ಏನಾಯ್ತು?"

"ಬದಲಾಯಿಸಿದೆ. ಅಷ್ಟೇ."

"ಅಷ್ಟೇ ಅನ್ನೋ ಪದ ಈ ಕೋಣೇಲಿ ನಿಷೇಧ."

"ಮಾರಾಟ ಸ್ವಲ್ಪ ಜಾಸ್ತಿ ಆಯ್ತಂತೆ. ಅಷ್ಟೇ."

ಅವಳು ಹಾಳೆಯ ಮೂಲೆಯಲ್ಲಿ ಒಂದು ಗೆರೆ ಎಳೆದಳು. ಅವತ್ತು ಅವನು ಹೊರಡುವಷ್ಟರಲ್ಲಿ ಹದಿನೇಳು ಗೆರೆಗಳಾಗಿದ್ದವು. ಅವನು ಅವನ್ನು ನೋಡಿ, "ಸಾಲು ಸ್ವಲ್ಪ ಸೊಟ್ಟ ಇದೆ ಮೇಡಂ," ಎಂದ. ಅವಳು ಪೆನ್ನನ್ನೇ ಅವನತ್ತ ಎಸೆಯುವ ಹಾಗೆ ಮಾಡಿದಳು.

ಮೂರನೆಯ ಬುಧವಾರ ಔಷಧಿ ಡಬ್ಬಿಯ ಮಾತು ಬಂತು. ಬೆಳಿಗ್ಗೆಯ ಮಾತ್ರೆಯ ಪಕ್ಕ ಒಂದು ಸೂರ್ಯ, ರಾತ್ರಿಯದರ ಪಕ್ಕ ಒಂದು ಚಂದ್ರ, ಎಷ್ಟು ಮಾತ್ರೆ ಎನ್ನುವ ಅಂಕಿ ಹೆಬ್ಬೆರಳಿನಷ್ಟು ದಪ್ಪ. ಆ ಡಬ್ಬಿ ಬಂದ ಮೇಲೆ, ಮಾತ್ರೆ ತಪ್ಪು ನುಂಗಿದೆವು ಎಂದು ಕಂಪನಿಗೆ ಬರುತ್ತಿದ್ದ ಫೋನ್‌ಗಳು ಅರ್ಧಕ್ಕರ್ಧ ನಿಂತವಂತೆ.

"ಅಯ್ಯೋ, ಇದನ್ನ ಯಾಕ್ರೀ ಬರೀಲಿಲ್ಲ ಇಷ್ಟು ದಿನ?"

"ಅದು ಅಮ್ಮನಿಗೋಸ್ಕರ ಮಾಡಿದ್ದು. ಅಮ್ಮನಿಗೆ ಕಣ್ಣು ಕಾಣ್ತಿರಲಿಲ್ಲ, ಓದಕ್ಕೂ ಬರ್ತಿರಲಿಲ್ಲ. ಅದನ್ನ ಕೆಲಸ ಅಂತ ಹೇಗೆ ಬರೆಯೋದು?"

"ಅಮ್ಮ ಈಗ?"

"ಡಬ್ಬಿ ಅಂಗಡಿಗೆ ಬರೋಷ್ಟರಲ್ಲಿ ಹೋಗಿಬಿಟ್ಟಿದ್ರು."

ಅವನು ಅದನ್ನು ಮಾಮೂಲಿನಂತೆ ಹೇಳಿ ಪೆನ್ಸಿಲ್ ಕೆತ್ತುತ್ತ ಕೂತ. ಅವಳು ಕಂಪ್ಯೂಟರಿನ ಕಡೆ ತಿರುಗಿ ಬಹಳ ಹೊತ್ತು ಏನೂ ಟೈಪ್ ಮಾಡಲಿಲ್ಲ. ಇವನನ್ನು ಬೇರೆ ಯಾವ ಊರಿಗೂ ಕಳಿಸಬಾರದು ಎನ್ನಿಸಿತು. ಅನ್ನಿಸಿದ್ದೇ ತಡ, ನಾಚಿಕೆಯಾಗಿ ನಾಲಿಗೆ ಕಚ್ಚಿಕೊಂಡಳು. ಅವನನ್ನು ಕಳಿಸಿಕೊಡುವುದೇ ಅವಳ ಕೆಲಸವಾಗಿತ್ತಲ್ಲ!

ತಲೆಯೆತ್ತಿದರೆ ಅವನು ಅವಳನ್ನೇ ನೋಡುತ್ತಿದ್ದ. ಸಾಮಾನ್ಯವಾಗಿ ಜನ ಸಿಕ್ಕಿಬಿದ್ದಾಗ ಕಣ್ಣು ತಪ್ಪಿಸುತ್ತಾರೆ. ಅವನು ತಪ್ಪಿಸಲಿಲ್ಲ.

"ಏನು ಹಾಗೆ ನೋಡ್ತಿದೀರ?"

"ನೋಡೋದೇ ನನ್ನ ಕೆಲಸ ಮೇಡಂ."

"ರೆಸ್ಯೂಮೆಗೆ ಹಾಕ್ಲಾ?"

"ಹಾಕಿ. ಯಾರನ್ನ ಅಂತ ಮಾತ್ರ ಬರೀಬೇಡಿ."

ಅವಳ ಕಿವಿ ಬಿಸಿಯಾಯಿತು. ಬರೆಯುತ್ತಿರುವವಳ ಹಾಗೆ ಕೀಬೋರ್ಡಿನ ಮೇಲೆ ಬೆರಳಾಡಿಸಿದಳು. ಪರದೆಯ ಮೇಲೆ ಅರ್ಥವಿಲ್ಲದ ಅಕ್ಷರಗಳ ಒಂದು ಸಾಲು ಮೂಡಿತು.

ಮನೆಯಲ್ಲಿ ಅಕ್ಕ ಇದನ್ನೆಲ್ಲ ಮುಖ ನೋಡಿಯೇ ಓದಿಕೊಂಡಿದ್ದಳು. ನಾಲ್ಕನೆಯ ವಾರ, ತಂಗಿ ಹಸಿರು ಅಂಗಿಯನ್ನು ಎರಡನೇ ಸಲ ಇಸ್ತ್ರಿ ಮಾಡುತ್ತಿದ್ದಾಗ ಕೇಳಿದಳು: "ಇವತ್ತು ಬುಧವಾರ ಅಲ್ವಾ?"

"ಕ್ಯಾಲೆಂಡರ್ ಗೋಡೆ ಮೇಲಿದೆ, ನೋಡ್ಕೋ."

"ಗೋಡೆ ಯಾಕೆ, ನಿನ್ನ ಅಂಗಿ ನೋಡಿದ್ರೆ ಸಾಕು. ಹೇಳೇ, ಅವನಿಗೆ ಹೇಳಿದ್ಯಾ?"

"ಏನಂತ ಹೇಳ್ಲಿ? ನನ್ನ ಹತ್ರ ಸಹಾಯ ಕೇಳ್ಕೊಂಡು ಬಂದಿರೋ ಮನುಷ್ಯ. ಕೆಲಸ ಇಲ್ದೆ ಕಂಗಾಲಾಗಿದಾನೆ. ಈಗ ನಾನು ಹೋಗಿ ಹಲ್ಲು ಕಿರಿದ್ರೆ ಚೆನ್ನಾಗಿರುತ್ತಾ?"

"ಕೆಲಸ ಸಿಕ್ಕ ಮೇಲೆ?"

"ಸಿಕ್ಕ ಮೇಲೆ ನೋಡೋಣ."

ಕೆಲಸ ಸಿಕ್ಕಿತು. ಐದನೆಯ ಬುಧವಾರ ಕಳೆದು ಹದಿನೈದೇ ದಿನಕ್ಕೆ ಅವನು ಫೋನ್ ಮಾಡಿದ. ದೊಡ್ಡ ಕಂಪನಿ, ಒಳ್ಳೆಯ ಹುದ್ದೆ, ರೈಲಿನಲ್ಲಿ ಆರು ಗಂಟೆಯ ದೂರ. ಸಂದರ್ಶನದಲ್ಲಿ ಬೇರೇನನ್ನೂ ಕೇಳದೆ ಔಷಧಿ ಡಬ್ಬಿಯ ಬಗ್ಗೆಯೇ ಮುಕ್ಕಾಲು ಗಂಟೆ ಮಾತಾಡಿದರಂತೆ.

"ಎಲ್ಲ ನಿಮ್ಮಿಂದ," ಎಂದ.

"ನಾನು ಬರೆದೆ. ಮಾಡಿದ್ದು ನೀವು," ಎಂದಳು. ಅಭಿನಂದನೆ ಹೇಳಿ ಫೋನಿಟ್ಟ ಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಮುಖಕ್ಕೆ ನೀರು ಹಾಕಿಕೊಂಡಳು. ಅವತ್ತು ಅವನಿಗೆ ಕಳಿಸಲೆಂದು ನಾಲ್ಕು ಸಲ ಮೆಸೇಜ್ ಬರೆದಳು, ನಾಲ್ಕು ಸಲವೂ ಅಳಿಸಿದಳು. ಹೋಗುವವನ ಕಾಲಿಗೆ ಅಡ್ಡ ಬಿದ್ದ ಹಾಗೆ ಕಾಣುತ್ತಿತ್ತು ಪ್ರತಿಯೊಂದೂ.

ಮರುದಿನ ಬೆಳಿಗ್ಗೆ ಅವನಿಂದ ಒಂದು ಫೈಲ್ ಬಂತು. ಜೊತೆಗೆ ಎರಡು ಸಾಲು: 'ಇದೊಂದು ಪುಟ ನೋಡಿ ಮೇಡಂ. ಹೇಗನ್ನಿಸ್ತು ಹೇಳಿ. ನಾಳೆ ಸಂಜೆಯೊಳಗೆ ಅವರಿಗೆ ಬರ್ತೀನೋ ಇಲ್ವೋ ಅಂತ ಹೇಳಬೇಕು.'

ಹೊಸ ಕಂಪನಿಯವರು ಪರಿಚಯದ ಪುಟವೊಂದನ್ನು ಕೇಳಿರಬೇಕು ಎಂದುಕೊಂಡಳು. ಎಂದಿನಂತೆ ಫೈಲನ್ನು ಪ್ರೋಗ್ರಾಮಿಗೆ ಹಾಕಿದಳು. ಬಿಳಿ ಹಾಳೆಯ ಮೇಲೆ ಏನೂ ಇಳಿಯಲಿಲ್ಲ, ಒಂದು ಫೋನ್ ನಂಬರ್ ಕೂಡ.

ಅವಳಿಗೆ ಸಿಟ್ಟು ಬಂತು. ಐದು ವಾರ ಬಡಕೊಂಡದ್ದೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಯಿತು, ಮತ್ತೆ ಹಳೇ ಚಾಳಿ, ಮತ್ತೆ ಎಲ್ಲವೂ ಚಿತ್ರ. ಆ ಸಿಟ್ಟಿನ ಒಳಗೆ ಬೇರೊಂದು ಸಿಟ್ಟೂ ಇತ್ತು: ಹೊರಟೇಬಿಟ್ಟನಲ್ಲ ಎನ್ನುವುದು. ಎರಡೂ ಸೇರಿ ಬೆರಳಿಗೆ ಬಂದವು.

'ನೋಡಿದೆ. ಬರೀ ಅಲಂಕಾರ. ಇದರಲ್ಲಿ ಇಟ್ಟುಕೊಳ್ಳುವಂಥದ್ದು ಏನೂ ಇಲ್ಲ. ಇಂಥದ್ದನ್ನು ಇನ್ನು ಯಾರಿಗೂ ಕಳಿಸಬೇಡಿ. ಹೊಸ ಕೆಲಸಕ್ಕೆ ಶುಭವಾಗಲಿ.'

ಉತ್ತರ ಬರಲು ಮಧ್ಯಾಹ್ನವಾಯಿತು.

'ಅರ್ಥ ಆಯ್ತು ಮೇಡಂ. ತೊಂದರೆ ಕೊಟ್ಟೆ. ಇನ್ನು ಕೊಡಲ್ಲ.'

ಆ ಬುಧವಾರ ಒಪ್ಪಂದದ ಲೆಕ್ಕದಲ್ಲಿ ಇರಲಿಲ್ಲ. ಆದರೂ ಅವಳು ಹಸಿರು ಅಂಗಿ ಹಾಕಿಕೊಂಡು ನಾಲ್ಕರಿಂದ ಆರರವರೆಗೆ ಮೆಟ್ಟಿಲ ಸದ್ದಿಗೆ ಕಿವಿಗೊಟ್ಟು ಕೂತಿದ್ದಳು. ಒಂದು ಮಾತು ಹೇಳಿ ಹೋಗಬಹುದಿತ್ತಲ್ಲ? ಕೆಲಸ ಆಯಿತು, ಕೈ ತೊಳೆದುಕೊಂಡ. ಗಂಡಸರೇ ಇಷ್ಟು ಎಂದು ಅಕ್ಕನ ಮುಂದೆ ಕೂಗಾಡಿದಳು. 

*

ಒಂದು ವರ್ಷವೂ ಮೇಲೆರಡು ತಿಂಗಳೂ ಕಳೆದವು. ಅವಳ ಹಳೆಯ ಕಂಪ್ಯೂಟರ್ ಕೈಕೊಟ್ಟಿತು, ಹೊಸದು ಬಂತು. ಹಳೆಯ ಫೈಲುಗಳನ್ನೆಲ್ಲ ಅದಕ್ಕೆ ತುಂಬಿಸಿದಾಗ ಒಂದು ತಮಾಷೆ ಕಂಡಿತು. ಹಳೆಯ ಯಂತ್ರ ಫೈಲಿನ ಹೆಸರನ್ನಷ್ಟೇ ತೋರಿಸುತ್ತಿತ್ತು. ಹೊಸದು ಪ್ರತಿ ಫೈಲಿನ ಪುಟ್ಟ ಚಿತ್ರವನ್ನೂ ತಾನಾಗಿ ತೋರಿಸುತ್ತಿತ್ತು. ಜನರು ಎಷ್ಟೊಂದು ಬಣ್ಣ ಬಳಿದು ಕಳಿಸಿದ್ದರಪ್ಪ ಎಂದು ನಗುತ್ತ ಕೆಳಗೆ ಸರಿಸುತ್ತಿದ್ದಳು.

ಅವುಗಳ ನಡುವೆ ಒಂದರಲ್ಲಿ ಅವಳದೇ ಕಿಟಕಿ ಇತ್ತು.

ತೆರೆದಳು. ಪುಟ ತುಂಬ ಪೆನ್ಸಿಲ್ ಗೆರೆ, ನಡುನಡುವೆ ತೆಳ್ಳಗಿನ ಹಸಿರು ಬಣ್ಣ. ಅವಳ ಕಿಟಕಿ, ಅವಳ ಮೇಜು, ಎರಡು ಟೀ ಲೋಟ. ಕಂಪ್ಯೂಟರಿನ ಕಡೆ ತಿರುಗಿ ಏನೂ ಟೈಪ್ ಮಾಡದೆ ಕೂತಿರುವ ಅವಳು. ಅವಳಿಗೇ ಗೊತ್ತಿಲ್ಲದಷ್ಟು ಚೆಂದವಾಗಿದ್ದಳು. ಪಕ್ಕದಲ್ಲಿ ಅವಳೇ ಕಲಿಸಿದ ಶೀರ್ಷಿಕೆಗಳು, ಕೈಯಲ್ಲಿ ಬಿಡಿಸಿದ ಅಕ್ಷರಗಳಲ್ಲಿ:

'ಬೇಡುತ್ತಿರುವ ಹುದ್ದೆ: ನಿಮ್ಮ ಎದುರಿನ ಕುರ್ಚಿ. ಬುಧವಾರ ಮಾತ್ರವಲ್ಲ, ಎಲ್ಲ ದಿನವೂ.

ಅನುಭವ: ಇಲ್ಲ. ಮೂವತ್ತಾರು ವರ್ಷದಲ್ಲಿ ಇದೇ ಮೊದಲ ಅರ್ಜಿ.

ಸಾಮರ್ಥ್ಯ: ನೋಡುವುದು. ಯಾರನ್ನು ಎಂದು ಈಗ ಬರೆದಿದ್ದೇನೆ.

ವಿಶೇಷ ಸೂಚನೆ: ನೀವು ಇರು ಎಂದರೆ ಆ ಕೆಲಸ ಬೇಡ ಎನ್ನುತ್ತೇನೆ. ಇಲ್ಲೇ ಬೇರೆ ಹುಡುಕುತ್ತೇನೆ. ಹೋಗು ಎಂದರೆ ಹೋಗುತ್ತೇನೆ, ಎರಡನೇ ಸಲ ಕೇಳಿ ಮುಜುಗರ ಮಾಡುವುದಿಲ್ಲ.'

ಅವಳು ತಾನು ಕಳಿಸಿದ್ದ ಉತ್ತರವನ್ನು ಹುಡುಕಿ ಮತ್ತೆ ಓದಿದಳು. 'ನೋಡಿದೆ' ಎಂಬ ಮೊದಲ ಪದದ ಮೇಲೆಯೇ ಕಣ್ಣು ನಿಂತಿತು. ಮುಂದಿನ ಸಾಲುಗಳನ್ನು ಅವನು ಹೇಗೆ ಓದಿರಬೇಕು ಎಂದು ಊಹಿಸಿ, ಕೂತಲ್ಲೇ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು.

ಅಕ್ಕ ಪುಟ ನೋಡಿ ತಲೆ ಚಚ್ಚಿಕೊಂಡಳು. "ಒಂದು ಸಲ, ಒಂದೇ ಒಂದು ಸಲ ತೆಗೆದು ನೋಡಿದ್ರೆ ನಿನ್ನ ಗಂಟು ಹೋಗ್ತಿತ್ತಾ? ಈಗ್ಲೇ ಫೋನ್ ಮಾಡು."

"ಫೋನಲ್ಲಿ ಬೇಡ. ಎದುರಿಗೆ ಕೂತು ಹೇಳಬೇಕು."

"ಅವನಿಗೆ ಮದುವೆ ಗಿದುವೆ ಆಗಿದ್ರೆ?"

ಅವಳು ಪರದೆಯ ಮೇಲಿನ ಪುಟವನ್ನು ಮುಚ್ಚಿದಳು.

"ಆಗಿದ್ರೆ ಚೆನ್ನಾಗಿದೀರಾ ಅಂತ ಕೇಳಿ, ಬಾಯಿ ಮುಚ್ಕೊಂಡು ವಾಪಸ್ ಬಾ. ಆಣೆ ಮಾಡು."

ಆಣೆ ಮಾಡಿದಳು.

*

ಬರುತ್ತಿದ್ದೇನೆ ಎಂದಷ್ಟೇ ತಿಳಿಸಿದಾಗ ಫೋನಿನಲ್ಲಿ ಅವನು ಕೇಳಿದ್ದು ಇಷ್ಟೇ: "ಯಾವ ರೈಲಿಗೆ?" ಅವಳು ಹೇಳಿದ್ದು, "ಎರಡು ಗಂಟೆಗೆ ಅಲ್ಲಿ ಬಂದು ಸೇರೋದಕ್ಕೆ." ಅವನ ಆಫೀಸಿನ ಎದುರಿನ ಕೆಫೆಯಲ್ಲಿ ಕಿಟಕಿಯ ಪಕ್ಕದ ಮೇಜು ಹಿಡಿದು ಕಾಯುತ್ತಿದ್ದ. ಸ್ವಲ್ಪ ದಪ್ಪಗಾಗಿದ್ದ, ಕೂದಲನ್ನು ಒಪ್ಪವಾಗಿ ಕತ್ತರಿಸಿಕೊಂಡಿದ್ದ. ಯಾರೋ ನೋಡಿಕೊಳ್ಳುತ್ತಿದ್ದಾರೆ ಎನ್ನುವುದು ಅಂಗಿಯ ಕಾಲರಿನಲ್ಲೇ ಗೊತ್ತಾಗುತ್ತಿತ್ತು.

"ಮದುವೆ ಆಯ್ತು ಮೇಡಂ. ಮೂರು ತಿಂಗಳಾಯ್ತು," ಎಂದ, ಟೀ ಬರುವ ಮೊದಲೇ. "ಹುಡುಗಿ ನಮ್ಮ ಕಂಪನಿ ಪ್ರೆಸ್ಸಲ್ಲೇ ಬಣ್ಣ ಪರೀಕ್ಷೆ ಮಾಡ್ತಾಳೆ. ನನಗಿಂತ ಕಣ್ಣು ಚುರುಕು."

"ಅಯ್ಯೋ, ಒಳ್ಳೇ ಸುದ್ದಿ," ಎಂದಳು. ದನಿ ನಡುಗಲಿಲ್ಲ. ಅದಕ್ಕೆ ಅವಳಿಗೇ ಆಶ್ಚರ್ಯವಾಯಿತು. "ಇಲ್ಲೊಬ್ಬರು ಕ್ಲೈಂಟ್ ಇದಾರೆ. ಬಂದಿದ್ನಲ್ಲ, ಹಾಗೇ ನಿಮ್ಮನ್ನೂ ಮಾತಾಡಿಸಿ ಹೋಗೋಣ ಅಂತ."

ಮಾತು ಸಲೀಸಾಗಿ ಸಾಗಿತು. ಅವನ ಕೈಕೆಳಗೆ ಈಗ ಆರು ಜನ. ಅವಳ ಭಾವನಿಗೆ ಹೊಸ ಕನ್ನಡಕ. ಹೀಗೇ ಇನ್ನೊಂದು ಅರ್ಧ ಗಂಟೆ ತಳ್ಳಿದರೆ ಎದ್ದು ಹೋಗಬಹುದು ಎಂದು ಅವಳು ಒಳಗೊಳಗೇ ಲೆಕ್ಕ ಹಾಕುತ್ತಿದ್ದಳು.

ಆಗ ಅವನು ಲೋಟ ಕೆಳಗಿಟ್ಟ.

"ಒಂದು ಮಾತು ಹೇಳೋದಿತ್ತು ಮೇಡಂ. ಹೇಗೂ ಬಂದಿದೀರ. ಅವತ್ತು ನಾನು ಆ ಪುಟ ಕಳಿಸಬಾರದಿತ್ತು. ನಿಮ್ಮ ಹತ್ರ ಕೆಲಸಕ್ಕೆ ಅಂತ ಬಂದೋನು, ನೀವು ಸಲಿಗೆಯಿಂದ ಮಾತಾಡಿದ್ದನ್ನ ಏನೋ ಅಂದ್ಕೊಂಡ್ಬಿಟ್ಟೆ. ನಿಮಗೆ ಎಷ್ಟು ಅಸಹ್ಯ ಆಗಿರಬೇಕು. ಇನ್ಯಾರಿಗೂ ಕಳಿಸಬೇಡಿ ಅಂದ್ರಲ್ಲ, ಅದು ಸರಿಯಾಗೇ ಇತ್ತು. ಕ್ಷಮಿಸಿ. ಕೈಯಲ್ಲಿ ಏನಾದ್ರೂ ಬಿಡಿಸೋಕೆ ಕೂತಾಗೆಲ್ಲ ಅದೇ ನೆನಪಾಗುತ್ತೆ. ಈಗೀಗ ಬಿಡಿಸೋದೇ ಇಲ್ಲ."

ಅವನು ಅವಳ ಮುಂದೆ ತಲೆ ತಗ್ಗಿಸಿ ಕೂತಿದ್ದ. ಆ ತಲೆ ತಗ್ಗಿಸಿದ್ದನ್ನು ಅವಳಿಂದ ನೋಡಲಾಗಲಿಲ್ಲ. ಆಣೆ, ಅಕ್ಕ, ಮೂರು ತಿಂಗಳು ಎಲ್ಲವೂ ತಲೆಯಲ್ಲಿ ಸುಳಿದವು. ಸುಮ್ಮನಿದ್ದರೆ ಅವನ ಸಂಸಾರ ಸುಖವಾಗಿರುತ್ತದೆ, ಅವನು ಮಾತ್ರ ಮಾಡದ ತಪ್ಪನ್ನು ಹೊತ್ತುಕೊಂಡು ಬದುಕುತ್ತಾನೆ. ಒಂದು ಸಲ ಅವನ ಮನಸ್ಸು ನೋಯಬಾರದೆಂದು ಹೇಳಿದ ಸುಳ್ಳಿನ ಫಲ ಇಲ್ಲಿ ಎದುರಿಗೆ ಕೂತಿತ್ತು. ಇನ್ನೊಂದನ್ನು ಹೇಳುವ ಧೈರ್ಯ ಅವಳಿಗಿರಲಿಲ್ಲ.

"ನಾನು ನೋಡಿರಲಿಲ್ಲ," ಎಂದಳು.

"ಏನನ್ನ?"

"ಆ ಪುಟಾನ. ಅದನ್ನಷ್ಟೇ ಅಲ್ಲ, ನಿಮ್ಮ ಮೊದಲನೇದನ್ನೂ ನೋಡಿರಲಿಲ್ಲ. ನಾನು ಯಾರದ್ದನ್ನೂ ತೆಗೆದು ನೋಡಲ್ಲ. ಅಕ್ಷರ ಸೋಸ್ಕೊಂಡು ಪಕ್ಕಕ್ಕಿಡ್ತೀನಿ. ನೀವು ಕೇಳಿದಾಗ ನೋಡಿದೆ ಅಂತ ಸುಳ್ಳು ಹೇಳಿದೆ, ನಿಮಗೆ ಬೇಜಾರಾಗುತ್ತೆ ಅಂತ. ಆ ದಿನಾನೂ ಅಷ್ಟೇ. ಖಾಲಿ ಹಾಳೆ ಬಂತು, ಮತ್ತೆ ಚಿತ್ರ ಬರೆದು ಕಳಿಸಿದೀರ ಅಂತ ಬೈದೆ. ಮೊನ್ನೆ ಶನಿವಾರ ನೋಡಿದೆ. ಕ್ಷಮೆ ಕೇಳಬೇಕಾಗಿದ್ದು ನಾನು."

ಅವನು ಎರಡೂ ಅಂಗೈಗಳನ್ನು ಮೇಜಿನ ಮೇಲೆ ಚಾಚಿ ಅವನ್ನೇ ನೋಡುತ್ತಿದ್ದ. ಹೊರಗೆ ಒಂದು ಬಸ್ಸು ನಿಂತು, ಜನ ಇಳಿದು, ಬಸ್ಸು ಹೊರಟುಹೋಯಿತು.

"ಅವತ್ತು ನೋಡಿದ್ರೆ?" ಎಂದು ಕೇಳಿದ.

ಗೊತ್ತಿಲ್ಲ ಎನ್ನಬಹುದಿತ್ತು. ಅವನಿಗೆ ನಿದ್ದೆಯಾದರೂ ಬರುತ್ತಿತ್ತು. ಆದರೆ ಅವನು ಕೇಳಿದ್ದ, ಮತ್ತು ಅವಳ ಹತ್ತಿರ ಅವನಿಗೆ ಕೊಡಲು ಆ ಒಂದು ಉತ್ತರದ ಹೊರತು ಬೇರೇನೂ ಉಳಿದಿರಲಿಲ್ಲ.

"ಇರಿ ಅಂತಿದ್ದೆ. ಸಂಜೆವರೆಗೂ ಕಾಯ್ತಿರಲಿಲ್ಲ. ಆಗಲೇ ಮೆಟ್ಟಿಲಿಳಿದು ನಿಮ್ಮ ಮನೆಗೆ ಬರ್ತಿದ್ದೆ."

ಅವನ ಫೋನ್ ಗುಂಯ್‌ಗುಟ್ಟಿತು. ಎತ್ತಿಕೊಂಡ. "ಹೂಂ... ಇಲ್ಲೇ ಎದುರಿಗಿದೀನಿ. ಹಳೇ ಪರಿಚಯದೋರು ಬಂದಿದಾರೆ... ಇಲ್ಲ ಇಲ್ಲ, ಬಂದ್ಬಿಡ್ತೀನಿ. ನೀನು ಊಟ ಮಾಡಿದ್ಯಾ?" ಆ ಕೊನೆಯ ಪ್ರಶ್ನೆಯಲ್ಲಿ ಒಂದು ಮೆತ್ತಗಿನ ದನಿ ಇತ್ತು. ಅವಳಿಗೆ ಹೊಟ್ಟೆಕಿಚ್ಚಾಯಿತು. ಮುಚ್ಚಿಡುವುದೇನು, ಹೊಟ್ಟೆಕಿಚ್ಚೇ ಆಯಿತು. ಅದರ ಹಿಂದೆಯೇ, ಈ ದನಿಯನ್ನು ಕೇಳಿಸಿಕೊಳ್ಳುವ ಹುಡುಗಿ ಯಾವ ತಪ್ಪೂ ಮಾಡಿಲ್ಲವಲ್ಲ ಎನ್ನುವುದೂ ತಿಳಿಯಿತು.

"ಹೊರಡಿ," ಎಂದಳು. "ಕಾಯ್ತಿರ್ತಾರೆ."

"ನಿಮ್ಮ ರೈಲು?"

"ಐದೂವರೆಗೆ. ನಾನು ಹೋಗ್ತೀನಿ, ನೀವು ಬರೋದು ಬೇಡ."

ಅವನು ಎದ್ದ. ಬಾಗಿಲವರೆಗೆ ಹೋಗಿ ವಾಪಸ್ ಬಂದು ಮೇಜಿನ ಪಕ್ಕ ನಿಂತ.

"ನೀವು ಬರಬಾರದಿತ್ತು," ಎಂದ. ದನಿಯಲ್ಲಿ ಕೋಪವಿರಲಿಲ್ಲ.

"ಗೊತ್ತು."

"ಬರದೇ ಇದ್ದಿದ್ರೆ ನಾನು ಸಾಯೋವರೆಗೂ ನನ್ನನ್ನ ಕೆಟ್ಟೋನು ಅಂದ್ಕೊಂಡಿರ್ತಿದ್ದೆ."

"ಅದಕ್ಕೇ ಹೇಳಿದೆ."

ಅವನು ಇನ್ನೇನೋ ಹೇಳಲು ಬಾಯಿ ತೆರೆದ. ಅವಳು ತಲೆಯಾಡಿಸಿ ಬೇಡ ಎಂದಳು. ಅವನು ಹೋದ.

ಗಾಜಿನಾಚೆ ಅವನು ರಸ್ತೆ ದಾಟುವುದು ಕಾಣುತ್ತಿತ್ತು. ನಡುವಿನ ಕಟ್ಟೆಯ ಮೇಲೆ ನಿಂತು ತೋಳಿನಿಂದ ಒಮ್ಮೆ ಮುಖ ಒರೆಸಿಕೊಂಡ, ಅಂಗಿ ಸರಿಮಾಡಿಕೊಂಡ, ವಾಹನಗಳು ನಿಂತ ಕೂಡಲೇ ಆಚೆಗೆ ನಡೆದ. ಒಂದು ಸಲವೂ ತಿರುಗಿ ನೋಡಲಿಲ್ಲ. ನೋಡಿದ್ದರೆ ಅವಳು ಕರೆದೇಬಿಡುತ್ತಿದ್ದಳು. ಅದು ಅವನಿಗೂ ಗೊತ್ತಿತ್ತು.